ಸಟೈವಸ್, ಸಟೈವ, ಸಟೈವಂ

ಪ್ರಶ್ನೆ: ಹೋದ ಸಂಚಿಕೆಯ ಕೃಷಿ ಲೇಖನದಲ್ಲಿ ವೈಜ್ಞಾನಿಕ ಹೆಸರು ಕೊಡುವಾಗ ಭತ್ತಕ್ಕೆ ‘ಒರೈಜ ಸಟೈವ’, ಬೆಳ್ಳುಳ್ಳಿಗೆ ‘ಅಲಿಯಂ ಸಟೈವಂ’, ಕೇಸರಿಗೆ ‘ಕ್ರೋಕಸ್ ಸಟೈವಸ್’ ಎಂದಿದೆ. ನಿಮ್ಮಲ್ಲಿ ಕರಡು ತಿದ್ದುವವರೇ ಇಲ್ಲವೇ? ಅಷ್ಟಕ್ಕೂ ಕನ್ನಡ ಪತ್ರಿಕೆಗೆ ಈ ಲ್ಯಾಟಿನ್ ಯಾಕೆ?
– ಒಬ್ಬ ಓದುಗರು, ಶಿರಸಿ

ಉತ್ತರ: ಇಷ್ಟು ಸೂಕ್ಷ್ಮವಾಗಿ ಓದುವವರು ಸಿಗುವುದೇ ಅಪರೂಪ. ಆದರೆ ಸ್ವಾಮಿ, ಮೂರೂ ಸರಿ.

ಲ್ಯಾಟಿನ್‌ನಲ್ಲಿ ಗುಣವಾಚಕ ನಾಮಪದದ ಲಿಂಗ ನೋಡಿ ರೂಪ ಬದಲಿಸುತ್ತದೆ, ಸಂಸ್ಕೃತದ ಸುಂದರಃ, ಸುಂದರೀ, ಸುಂದರಮ್ ಹಾಗೆ. ಕ್ರೋಕಸ್ ಗಂಡು, ಒರೈಜ ಹೆಣ್ಣು, ಅಲಿಯಂ ನಪುಂಸಕ. ನಮ್ಮಲ್ಲಿ ಹುಡುಗ, ಹುಡುಗಿ, ಮರ ಎಲ್ಲಕ್ಕೂ ಒಂದೇ ‘ಒಳ್ಳೆಯ’ ಸಾಕಲ್ವಾ, ಅದಕ್ಕೇ ನಿಮಗೆ ಅನುಮಾನ ಬಂದಿದ್ದು. ಹಾಗಂತ ‘ಅಸ್’ ಕಂಡ ಕೂಡಲೇ ಗಂಡು ಎನ್ನಬೇಡಿ. ಹುಣಸೆ ಟ್ಯಾಮರಿಂಡಸ್ ಇಂಡಿಕ, ಅರಳಿ ಫೈಕಸ್ ರಿಲಿಜಿಯೋಸ; ಇಂಡಿಕ, ರಿಲಿಜಿಯೋಸ ಎರಡೂ ಹೆಣ್ಣು ರೂಪ. ರೋಮನ್ನರ ರೂಢಿಯಲ್ಲಿ ಮರಗಳು ಸಾಮಾನ್ಯವಾಗಿ ಹೆಣ್ಣು!

‘ಸೆರೆರೆ’ ಅಂದರೆ ಬಿತ್ತುವುದು. ‘ಸಟುಸ್’ ಬಿತ್ತಿದ್ದು. ಅದರಿಂದ ‘ಸಟೈವಸ್’, ಬಿತ್ತಿ ಬೆಳೆಸಿದ್ದು. ತಾನಾಗಿ ಬೆಳೆದ ಕಾಡಿನದಕ್ಕೆ ‘ಸಿಲ್ವೆಸ್ಟ್ರಿಸ್’. ಇಂಗ್ಲಿಷಿನ ಸೀಸನ್ ಕೂಡ ಇದೇ ಬಿತ್ತನೆಯ ಮನೆತನದ್ದು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆ ಎರಡೆರಡು ಪದದ ಹೆಸರಿಟ್ಟಾಗ ನಮ್ಮ ಅರ್ಧ ಅಡುಗೆಮನೆಗೆ ಈ ಬಿರುದು ಸಿಕ್ಕಿತು: ಕೊತ್ತಂಬರಿ, ಸೌತೆ, ಮೂಲಂಗಿ, ಬಟಾಣಿ. ಗಾಂಜಾಕ್ಕೂ ಸಿಕ್ಕಿತು. ಈಗ ಫೋನಿನಲ್ಲಿ ‘ಸಟೈವ’ ಎಂದು ಹುಡುಕಿದರೆ ಬರುವುದೆಲ್ಲ ಅದೇ, ಪಾಪ ಭತ್ತವನ್ನು ಕೇಳುವವರಿಲ್ಲ.

ಕನ್ನಡದ ಹೆಸರು ಮೊದಲು ಬರಬೇಕು, ಒಪ್ಪಿದೆ. ನಾವು ಹಾಗೇ ಹಾಕಿದ್ದೇವೆ. ಆದರೆ ಕರಿಜೀರಿಗೆ ಕೇಳಿ ನೋಡಿ. ಒಂದು ಅಂಗಡಿಯವರು ಕೊಡುವುದು ಒಂದು, ಪಕ್ಕದವರು ಕೊಡುವುದು ಇನ್ನೊಂದು. ಮದ್ದಿಗೆ ತಂದವರ ಗತಿ? ‘ನೈಜೆಲ್ಲ ಸಟೈವ’ ಎಂದು ಬರೆದುಕೊಂಡು ಹೋದರೆ ಜಗಳವೇ ಇಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಪಿಯುಸಿ ಮಕ್ಕಳು, ಆನುವಂಶಿಕತೆಯ ಪ್ರಯೋಗ ಮಾಡಿದ ಮೆಂಡಲನ ಬಟಾಣಿಯನ್ನು ‘ಪೈಸಂ ಸಟೈವಂ’ ಎಂದು ಬಾಯಿಪಾಠ ಮಾಡುತ್ತಾರೆ. ಅದರ ಅರ್ಥ ‘ಬಿತ್ತಿದ ಬಟಾಣಿ’, ಅಷ್ಟೇ. ಇದನ್ನು ಹೇಳಿಕೊಡಲು ಅರ್ಧ ನಿಮಿಷ ಸಾಕು, ಹೇಳುವವರು ಎಷ್ಟು ಜನ? ಉದ್ಯಾನಗಳ ಫಲಕಗಳಲ್ಲಂತೂ ಬಣ್ಣ ಬಳಿಯುವವನು ಬರೆದದ್ದೇ ಶಾಸ್ತ್ರ. ಮೊನ್ನೆ ಕೊಂಡ ಕೊತ್ತಂಬರಿ ಬೀಜದ ಪೊಟ್ಟಣದ ಮೇಲೆ ‘ಕೊರಿಯಾಂಡ್ರಂ ಸಟೈವ’ ಎಂದಿತ್ತು. ‘ಸಟೈವಂ’ ಆಗಬೇಕು ಎಂದು ಕಂಪನಿಗೆ ಬರೆದೆ. ಉತ್ತರ ಬರಲಿಲ್ಲ, ಮೂಲಂಗಿ ಬೀಜಕ್ಕೆ ರಿಯಾಯಿತಿ ಕೂಪನ್ ಬಂತು. ನಿಮ್ಮ ಕಣ್ಣು ಚುರುಕಾಗಿದೆ, ಇನ್ನು ಅವರಿಗೂ ನೀವೇ ಒಂದು ಪತ್ರ ಹಾಕಿ.