ರಾತ್ರಿ ಊಟಕ್ಕೆ ದೋಸೆ ತಿನ್ನಬಹುದಾ? ಅದು ಬೆಳಗಿನ ತಿಂಡಿ ಅಲ್ವಾ?

ಧಾರಾಳವಾಗಿ ತಿನ್ನಬಹುದು. ದೋಸೆ, ಇಡ್ಲಿ ಬೆಳಗಿನ ತಿಂಡಿಯಾಗಿರುವುದು ಹಿಟ್ಟು ಹುದುಗುವ ಲೆಕ್ಕಕ್ಕೆ ಸರಿಹೊಂದುತ್ತದೆ, ಅಷ್ಟೇ.

ಸಂಜೆ ರುಬ್ಬಿಟ್ಟ ಅಕ್ಕಿ-ಉದ್ದಿನ ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಕೆಲಸ ಮಾಡುತ್ತವೆ. ಅವು ಬಿಡುವ ಗಾಳಿಯಿಂದ ಹಿಟ್ಟು ಉಬ್ಬುತ್ತದೆ, ಆಮ್ಲದಿಂದ ಹುಳಿ ಬರುತ್ತದೆ. ಇದಕ್ಕೆ ಸಾಮಾನ್ಯವಾಗಿ 8ರಿಂದ 12 ಗಂಟೆ ಬೇಕು. ಅಷ್ಟರಲ್ಲಿ ಬೆಳಗಾಗಿರುತ್ತದೆ! ಅದೇ ಹಿಟ್ಟನ್ನು ಬೆಳಿಗ್ಗೆ ರುಬ್ಬಿಟ್ಟರೆ ರಾತ್ರಿಗೆ ತಯಾರು. ಕಾರವಾರದ ಮೇ ತಿಂಗಳ ಸೆಕೆಯಲ್ಲಂತೂ ಇನ್ನೂ ಬೇಗ ಉಬ್ಬಿ ಪಾತ್ರೆಯ ಮುಚ್ಚಳ ಎತ್ತಿಬಿಡುತ್ತದೆ. ಶಿರಸಿಯ ಡಿಸೆಂಬರ್ ಚಳಿಯಲ್ಲಿ ಒಲೆಯ ಹತ್ತಿರ ಬೆಚ್ಚಗೆ ಇಡಬೇಕು.

ನಮ್ಮ ಶಿರಸಿ ಕಡೆಯ ತೆಳ್ಳೇವು ಎಂಬ ತೆಳು ಅಕ್ಕಿ ದೋಸೆಗೆ ಕಾಯುವ ಕೆಲಸವೇ ಇಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರು ನೀರಾಗಿ ಕಲಸಿ, ಕೂಡಲೇ ಕಾದ ಕಾವಲಿಯ ಮೇಲೆ ಎಳೆಯುವುದು. ಮಳೆಗಾಲದ ರಾತ್ರಿ ಬಿಸಿ ತೆಳ್ಳೇವು, ಮೇಲೆ ಜೋನಿಬೆಲ್ಲ (ನೀರುಬೆಲ್ಲ), ತುಪ್ಪ ಇದ್ದರೆ ನಮ್ಮ ಮನೆಯಲ್ಲಿ ಅನ್ನ ಯಾರೂ ಕೇಳುವುದಿಲ್ಲ. ಅಚ್ಚಿನಲ್ಲಿ ಬೇಯಿಸುವ ವಿದೇಶಿ ತಿಂಡಿ ವಾಫಲ್ ಕೂಡ ಹಾಗೇ. ಅದರ ಬೇಕಿಂಗ್ ಪೌಡರ್ ತಕ್ಷಣ ಗಾಳಿ ಬಿಡುವುದರಿಂದ ಯಾವ ಹೊತ್ತಿಗೂ ಮಾಡಬಹುದು.

ಹುಳಿ ಜಾಸ್ತಿಯಾದ ಹಿಟ್ಟಿನ ದೋಸೆ ತಿಂದು ಕೂಡಲೇ ಮಲಗಿದರೆ ಕೆಲವರಿಗೆ ಎದೆಯುರಿ ಬರುತ್ತದೆ. ಅಂಥವರು ಸ್ವಲ್ಪ ಬೇಗ ಊಟ ಮುಗಿಸಿ.