ಬಯಲುಸೀಮೆಯವರು ಕಡಲ ಪರಿಸರ ವಿಜ್ಞಾನ ಓದಬಹುದೇ?

ದಾವಣಗೆರೆಯಲ್ಲಿ ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿರುವ ನೀವು, ಈಜು ಬಾರದ ಬಯಲುಸೀಮೆಯವರಿಗೆ ಕಡಲ ಸಂರಕ್ಷಣೆಯಲ್ಲಿ ಉದ್ಯೋಗ ಸಿಗುವುದೇ ಎಂದು ಕೇಳಿದ್ದೀರಿ. ಸಿಗುತ್ತದೆ. ನಾನು ಹಾವೇರಿ ಜಿಲ್ಲೆಯವನು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ನನ್ನ ಈಜು ಇಂದಿಗೂ ಅಷ್ಟಕ್ಕಷ್ಟೇ.

ಹವಳದ ನಡುವೆ ಮುಳುಗುವುದು, ಆಮೆಮರಿಗಳನ್ನು ನೀರಿಗೆ ಬಿಡುವುದು ಇವೇ ದಿನನಿತ್ಯದ ಕೆಲಸ ಎಂದು ನೀವು ಭಾವಿಸಿದಂತಿದೆ. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಕೆಸರು. ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ, ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಮೊಣಕಾಲುದ್ದ ಹೂತು ನಿಂತು ಮಣ್ಣು ತೆಗೆದು, ಅದನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಫಾರ್ಮಾಲಿನ್‌ನಲ್ಲಿಟ್ಟು ರೋಸ್ ಬೆಂಗಾಲ್ ಬಣ್ಣ ಹಾಕಿದರೆ ಹುಳುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತವೆ. ಆಮೇಲೆ ಒಂದೊಂದನ್ನೂ ಚಿಮಟದಲ್ಲಿ ಎತ್ತಿ, ಸೂಕ್ಷ್ಮದರ್ಶಕದಡಿ ಜಾತಿ ಗುರುತಿಸುತ್ತ ಕೂತರೆ ಒಂದು ಡಬ್ಬಿ ಮಣ್ಣಿಗೆ ಎರಡು ದಿನ ಹಿಡಿಯುತ್ತಿತ್ತು. ಚರಂಡಿ ನೀರು ಸೇರುವಲ್ಲಿ ಕ್ಯಾಪಿಟೆಲ್ಲಾದಂತಹ, ಕೊಳಕನ್ನು ತಾಳಿಕೊಳ್ಳುವ ಹುಳುಗಳೇ ರಾಶಿಯಾಗಿ ಉಳಿದು ಬೇರೆಯವು ಕಾಣೆಯಾಗುವುದರಿಂದ, ಒಂದು ದಿನದ ನೀರಿನ ಪರೀಕ್ಷೆ ಹೇಳದ್ದನ್ನು ಈ ಮಣ್ಣು ಹೇಳುತ್ತದೆ.

ಸ್ನಾತಕೋತ್ತರ ಪದವಿಯಿಲ್ಲದೆ ಮುಂದೆ ಹೋಗುವುದು ಕಷ್ಟ. ಕಾರವಾರವಲ್ಲದೆ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ ಇವನ್ನೂ ನೋಡಿ. ವಿಜ್ಞಾನ ವಿಷಯಗಳಿಗೆ ನಡೆಯುವ ರಾಷ್ಟ್ರಮಟ್ಟದ ಸಿಎಸ್ಐಆರ್-ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದೊರೆತರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಂತಹ ಕಡೆ ಪಿಎಚ್.ಡಿ.ಗೆ ದಾರಿಯಾಗುತ್ತದೆ. ನನಗೆ ಅದು ದಕ್ಕಲಿಲ್ಲ. ಸಂಶೋಧನಾ ಯೋಜನೆಯೊಂದರಲ್ಲಿ ಸಹಾಯಕನಾಗಿ ಸೇರಿದೆ. ವರ್ಷ ವರ್ಷ ನವೀಕರಣ, ಒಮ್ಮೆಯಂತೂ ನಾಲ್ಕು ತಿಂಗಳು ಸಂಬಳವಿಲ್ಲದೆ ಕೋಣೆ ಬಾಡಿಗೆಗೆ ಅಪ್ಪನ ಮುಂದೆ ಕೈಚಾಚಬೇಕಾಯಿತು. ಈಗ ಹೊಸ ಕಾಮಗಾರಿ ಯೋಜನೆಗಳಿಂದ ಪರಿಸರಕ್ಕೆ ಆಗುವ ಪರಿಣಾಮದ ಅಧ್ಯಯನ ಮಾಡುವ ಖಾಸಗಿ ಸಂಸ್ಥೆಯಲ್ಲಿದ್ದೇನೆ. ಸಂಬಳ ವೇಳೆಗೆ ಸರಿಯಾಗಿ ಬರುತ್ತದೆ, ಆದರೆ ವರದಿಗೆ ಹಣ ಕೊಡುವವರು ಯೋಜನೆಯ ಮಾಲೀಕರೇ ಆಗಿರುವುದರಿಂದ ಎಣಿಸಿದ ಅಂಕಿಯನ್ನು ಎಣಿಸಿದಂತೆಯೇ ಬರೆಯಲು ಹಟ ಬೇಕು.

ಈಜಿಗಿಂತ ಮೊದಲು ಸಂಖ್ಯಾಶಾಸ್ತ್ರ ಕಲಿಯಿರಿ. ಪ್ರವೇಶದ ಅರ್ಜಿ ತುಂಬುವ ಮುನ್ನ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ಇಳಿತದ ವೇಳೆ ನೋಡಿಕೊಂಡು ಹೋಗಿ, ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರೊಂದಿಗೆ ಅರ್ಧ ದಿನ ಬಗ್ಗಿ ನಿಂತು ನೋಡಿ. ಸಂಜೆ ಸೊಂಟ ನೋಯುವಾಗಲೂ ಮರುದಿನ ಇಳಿತ ಎಷ್ಟು ಗಂಟೆಗೆ ಎಂದು ಕೇಳಬೇಕೆನಿಸಿದರೆ ಅರ್ಜಿ ಹಾಕಿ.