ರಬಾಯಿ ಚರ್ಚು ಯಾರದು?

ಪತ್ರ: ಕೀನ್ಯಾದ ರಬಾಯಿ ಹಳ್ಳಿಯ ಚರ್ಚನ್ನು ಬಿಡುಗಡೆಯಾದ ಗುಲಾಮರು ಬೆಳೆಸಿದರು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಲ್ಲಿಗೆ ಮೊದಲು ಹೋದವರು ಜರ್ಮನ್ ಮಿಷನರಿ ಕ್ರಾಪ್ಫ್. ಹೆಸರು ಅವರಿಗೇ ಸಲ್ಲಬೇಕಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಓದು ದೊಡ್ಡದು, ಸಂತೋಷ. ಕ್ರಾಪ್ಫ್ 1846ರಲ್ಲೇ ರಬಾಯಿಯಲ್ಲಿ ಬೀಡುಬಿಟ್ಟರು, ನಿಜ. ಕಾಯಿಲೆ, ಸಾವು ಎಲ್ಲವನ್ನೂ ತಾಳಿಕೊಂಡರು. ಆದರೆ ವರ್ಷಗಳುರುಳಿದರೂ ಅವರ ಜೊತೆ ಸೇರಿದವರು ಬೆರಳೆಣಿಕೆಯಷ್ಟು ಜನ. ಜನರಿಲ್ಲದೆ ಚರ್ಚು ಎಲ್ಲಿಂದ ಬರಬೇಕು?

ಜನ ಬಂದದ್ದು ನಮ್ಮ ಪಕ್ಕದ ನಾಸಿಕದಿಂದ! ಗುಲಾಮರನ್ನು ಸಾಗಿಸುವ ಹಡಗುಗಳಿಂದ ಬ್ರಿಟಿಷ್ ನೌಕಾಪಡೆ ಬಿಡಿಸಿದ ಆಫ್ರಿಕದ ಮಕ್ಕಳನ್ನು ಬೊಂಬಾಯಿಗೆ ತರುತ್ತಿದ್ದರು. ಅವರಲ್ಲಿ ಅನೇಕರು ನಾಸಿಕದ ಶರಣಪುರದಲ್ಲಿ ಓದುಬರಹ, ಬಡಗಿ ಕೆಲಸ, ಕಮ್ಮಾರಿಕೆ ಕಲಿತರು. ಹಾಗೆ ಬೆಳೆದ ವಿಲಿಯಂ ಜೋನ್ಸ್, ಇಷ್ಮಾಯಿಲ್ ಸೆಮ್ಲರ್, ಜಾರ್ಜ್ ಡೇವಿಡ್ 1864ರಲ್ಲಿ ರಬಾಯಿಗೆ ಹೋದರು.

ಜೋನ್ಸ್ ವಿಷಯ ಸ್ವಲ್ಪ ಹೇಳಲೇಬೇಕು. ಯಜಮಾನರಿಂದ ಓಡಿಬಂದ ಗುಲಾಮರನ್ನು ಇಟ್ಟುಕೊಳ್ಳಬೇಡಿ ಎಂಬುದು ಮಿಷನ್ನಿನ ಅಪ್ಪಣೆ. ಜೋನ್ಸ್ ಇಟ್ಟುಕೊಂಡರು. ಒಬ್ಬರಿಬ್ಬರನ್ನಲ್ಲ, ನೂರಾರು ಜನರನ್ನು. ಯಜಮಾನರು ಅವರನ್ನು ವಾಪಸ್ ಕೇಳಿದಾಗ ದೊಡ್ಡ ಗಲಾಟೆಯಾಯಿತು. ಕೊನೆಗೆ ಯಜಮಾನರಿಗೆ ಹಣ ಕೊಟ್ಟು, 1889ರ ಹೊಸ ವರ್ಷದ ದಿನ ರಬಾಯಿಯಲ್ಲಿ ಸುಮಾರು 1,400 ಜನರಿಗೆ ಬಿಡುಗಡೆಯ ಪತ್ರ ಹಂಚಿದರು. ಅಪ್ಪಣೆ ಪಾಲಿಸಿದ್ದರೆ ಅಷ್ಟೂ ಜನರ ಗತಿ ಏನಾಗುತ್ತಿತ್ತು, ನೀವೇ ಯೋಚಿಸಿ.

ಇದೇ ಜೋನ್ಸ್ 1885ರಲ್ಲಿ ಬಿಷಪ್ ಹ್ಯಾನಿಂಗ್ಟನ್ ಜೊತೆ ಉಗಾಂಡದ ಕಡೆ ಹೊರಟಿದ್ದರು. ಬಿಷಪ್ ಕೊಲೆಯಾದರು. ಉಳಿದವರನ್ನು ನಡೆಸಿಕೊಂಡು ಜೋನ್ಸ್ ರಬಾಯಿಗೆ ಮರಳಿದಾಗ ಅವರ ಕೈಯಲ್ಲಿ ನೀಲಿ ಬಾವುಟ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಮಾತು: ಈಕಾಬೋದ್. ಮಹಿಮೆ ಹೊರಟುಹೋಯಿತು ಎಂದು ಅರ್ಥ. ಪುಸ್ತಕಗಳು ಬಿಷಪ್ಪರಿಗೆ ಅಧ್ಯಾಯಗಳನ್ನೇ ಮೀಸಲಿಡುತ್ತವೆ. ಜೋನ್ಸ್‌ಗೆ ಸಿಗುವುದು ಸುದ್ದಿ ತಂದವನ ಪಾತ್ರ.

ನನ್ನ ಸಂಕಟ ಇದೇ. ಮೊಂಬಾಸಾದ ಎದುರು ದಂಡೆಯಲ್ಲಿ ಬಿಡುಗಡೆಯಾದವರು ಕಾಡು ಕಡಿದು ಕಟ್ಟಿದ ಊರಿಗೂ ಬೊಂಬಾಯಿಯ ಗವರ್ನರ್ ಆಗಿದ್ದ ಫ್ರೇರ್ ಹೆಸರಿಟ್ಟು ಫ್ರೇರ್‌ಟೌನ್ ಅಂದರು. ನಮ್ಮಲ್ಲೇನು ಕಮ್ಮಿ? ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಿಕರೂ ಆಫ್ರಿಕದಿಂದ ಬಂದವರೇ. ಉತ್ಸವ ಬಂದರೆ ಅವರ ಡಮಾಮಿ ಕುಣಿತ ಬೇಕು, ಫೋಟೊ ಬೇಕು. ಅಜ್ಜ-ಅಜ್ಜಿ ಏನು ಹೇಳುತ್ತಿದ್ದರು ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ.

ಶಿರಸಿಯಿಂದ ಯಲ್ಲಾಪುರಕ್ಕೆ ಬಸ್ಸಿದೆ. ಹೋಗಿ, ಹಿರಿಯರ ಜೊತೆ ಕೂತು ಕೇಳಿ, ಅವರ ಹೆಸರು ಹಾಕಿಯೇ ಬರೆದು ಕಳಿಸಿ. ಪುಟ ನಾನು ಕೊಡುತ್ತೇನೆ.
– ಸಂಪಾದಕ